ಯಾವ ಸೀರೀಸಿನ ಟೈಟಲ್ ನೀವು ಒಮ್ಮೆಯೂ ಸ್ಕಿಪ್ ಮಾಡೋದಿಲ್ಲ? ಯಾಕೆ?

ತೋಟದಂಚು, ಶಿರಸಿ

ನಮ್ಮನೆಯಲ್ಲಿ ರಾತ್ರಿ ಊಟ ಆದಮೇಲೆ ಇದೇ ಜಗಳ. ಟೈಟಲ್ ಶುರುವಾದ ಕೂಡಲೇ ತಮ್ಮ ರಿಮೋಟ್ ಎತ್ತಿ ಸ್ಕಿಪ್ ಒತ್ತಿಬಿಡುತ್ತಾನೆ. "ನಿನ್ನೆ ನೋಡಿದ್ದನ್ನೇ ಇವತ್ತೂ ಏನು ನೋಡೋದು?" ಅನ್ನುತ್ತಾನೆ. ನನಗೆ ಅದು ಊಟಕ್ಕೆ ಕೂತವರ ಎದುರಿಂದ ಬಾಳೆ ಎಳೆದ ಹಾಗೆ ಆಗುತ್ತದೆ.

ಟೈಟಲ್ ಅಂದರೆ ಬರೀ ಹೆಸರುಗಳ ಪಟ್ಟಿ ಅಲ್ಲ ಅಂತ ನಾನು ಗಟ್ಟಿಯಾಗಿ ನಂಬಿದ್ದೇನೆ. ಒಳ್ಳೆ ಟೈಟಲ್ ಕಥೆಯ ಒಂದು ಭಾಗವೇ. ನನ್ನ ಆಯ್ಕೆ ಗೇಮ್ ಆಫ್ ಥ್ರೋನ್ಸ್, 2011. ನಕ್ಷೆಯ ಮೇಲೆ ಹಲ್ಲುಚಕ್ರ ತಿರುಗಿ ಕೋಟೆಗಳು ಏಳುತ್ತವಲ್ಲ, ಅದು. ರಮಿನ್ ಜವಾದಿಯವರ ಆ ಚೆಲ್ಲೋ ಶುರುವಾದರೆ ನಾನು ಅಡುಗೆಮನೆಯಲ್ಲಿದ್ದರೂ ಓಡಿ ಬರುತ್ತೇನೆ. ಇಷ್ಟು ದೊಡ್ಡ ಕಥೆಯಲ್ಲಿ ಯಾವ ಊರು ಎಲ್ಲಿದೆ ಅಂತ ನನಗೆ ತಿಳಿದದ್ದೇ ಆ ಟೈಟಲಿನಿಂದ.

ನಿಮ್ಮದು ಯಾವುದು? ಸುಮ್ನೆ ಹೆಸರು ಹೇಳಿ ಹೋಗಬೇಡಿ, ಕಾರಣ ಹೇಳಿ. ತೀರಾ ಹಳೇದು ಬೇಡ, 1999ರ ಸೊಪ್ರಾನೋಸ್‌ನಿಂದ ಈಚೆಗೆ ಬಂದದ್ದು ಇರಲಿ.

ಅಪ್ಪೆಮಿಡಿ, ಸಿದ್ದಾಪುರ

ಸೆವೆರೆನ್ಸ್. ಬೇರೆ ಮಾತೇ ಇಲ್ಲ.

ತೋಟದಂಚು, ಶಿರಸಿ

ಕಾರಣ ಹೇಳಿ ಮಾರಾಯ್ರೆ!

ಕಾಳಿದಂಡೆ, ಕಾರವಾರ

ಥ್ರೋನ್ಸ್ ಬಗ್ಗೆ ಎರಡು ಮಾತು ಸೇರಿಸುತ್ತೇನೆ. ಅದು ಚಪ್ಪಟೆ ನಕ್ಷೆ ಅಲ್ಲ. ಒಂದು ಗೋಳದ ಒಳಮೈ ಅದು. ನಡುವೆ ಸೂರ್ಯ ಉರಿಯುತ್ತದೆ, ಭೂಮಿ ಅದರ ಸುತ್ತ ಒಳಕ್ಕೆ ಬಾಗಿದೆ. ಗಮನವಿಟ್ಟು ನೋಡಿ, ನೆಲದ ಅಂಚು ಮೇಲಕ್ಕೆ ಹತ್ತುತ್ತಾ ಹೋಗುತ್ತದೆ.

ಇನ್ನೊಂದು, ನಿಮ್ಮ ತಮ್ಮನಿಗೆ ಹೇಳಿ, ಅದು "ನಿನ್ನೆ ನೋಡಿದ್ದು" ಅಲ್ಲವೇ ಅಲ್ಲ. ಆ ಎಪಿಸೋಡಿನಲ್ಲಿ ಕಥೆ ಯಾವ ಊರಿಗೆ ಹೋಗುತ್ತದೋ ಅದಕ್ಕೆ ತಕ್ಕಂತೆ ನಕ್ಷೆ ಬದಲಾಗುತ್ತದೆ. ವಿಂಟರ್‌ಫೆಲ್ ಸುಟ್ಟುಹೋದಮೇಲೆ ಟೈಟಲಿನಲ್ಲೂ ಅಲ್ಲಿಂದ ಹೊಗೆ ಏಳುತ್ತದೆ. ಬೋಲ್ಟನ್ ಮನೆತನದವರು ಆ ಕೋಟೆ ಹಿಡಿದಾಗ ಅಲ್ಲಿನ ಲಾಂಛನ ಅವರದ್ದಾಗುತ್ತದೆ. 2019ರ ಕೊನೆಯ ಸೀಸನ್‌ನಲ್ಲಂತೂ ಕ್ಯಾಮೆರಾ ಕೋಟೆಗಳ ಒಳಗೇ ನುಗ್ಗುತ್ತದೆ. ಸ್ಕಿಪ್ ಮಾಡಿದವರು ಕಥೆಯ ಸುದ್ದಿಯನ್ನೇ ತಪ್ಪಿಸಿಕೊಳ್ಳುತ್ತಾರೆ.

ಮಾಡಿದ್ದು ಆಂಗಸ್ ವಾಲ್ ಮತ್ತು ಎಲಾಸ್ಟಿಕ್ ಸ್ಟುಡಿಯೋದವರು. 2011ರಲ್ಲೇ ಟೈಟಲ್ ವಿನ್ಯಾಸದ ಎಮ್ಮಿ ಪ್ರಶಸ್ತಿ ಬಂತು.

ಮೊದಲ ಬಸ್ಸು, ಕುಮಟಾ

ನಾನು ತಮ್ಮನ ಕಡೆ.

ನೆಟ್‌ಫ್ಲಿಕ್ಸ್ ಸ್ಕಿಪ್ ಬಟನ್ ತಂದದ್ದು 2017ರಲ್ಲಿ. ಅದನ್ನು ಜನ ದಿನಕ್ಕೆ 13.6 ಕೋಟಿ ಸಲ ಒತ್ತುತ್ತಾರೆ ಅಂತ 2022ರಲ್ಲಿ ಅವರೇ ಹೇಳಿದ್ದಾರೆ. ಇಷ್ಟು ಜನ ಒತ್ತುವುದಕ್ಕೆ ಒಂದು ಕಾರಣ ಇರಬೇಕಲ್ವಾ? ಬೆಳಿಗ್ಗೆ ಬೇಗ ಏಳಬೇಕಾದವನಿಗೆ ರಾತ್ರಿ ಸಿಗೋದು ಒಂದೂವರೆ ಗಂಟೆ. ಅದರಲ್ಲಿ ಎರಡು ಎಪಿಸೋಡ್ ಹಿಡಿಸಬೇಕು.

ಬ್ರೇಕಿಂಗ್ ಬ್ಯಾಡ್ ನೋಡಿ. ರಸಾಯನಶಾಸ್ತ್ರದ ಕೋಷ್ಟಕ, ಹಸಿರು ಹೊಗೆ, ಬ್ರೋಮಿನ್ ಮತ್ತು ಬೇರಿಯಮ್ಮಿನ ಎರಡು ಚೌಕ, ಮುಗೀತು. ಇಪ್ಪತ್ತು ಸೆಕೆಂಡೂ ಇಲ್ಲ. ಹೇಳಬೇಕಾದದ್ದು ಅಷ್ಟರಲ್ಲೇ ಹೇಳಿ ಆಗುತ್ತದೆ. ಥ್ರೋನ್ಸಿನ ಹಾಗೆ ಒಂದೂಮುಕ್ಕಾಲು ನಿಮಿಷ ಯಾಕೆ ಬೇಕು?

ಚೆಂಡೆಪೆಟ್ಟು, ಹೊನ್ನಾವರ

ಈ ಜಗಳ ನಮ್ಮೂರಿಗೆ ಹೊಸದಲ್ಲ. ಯಕ್ಷಗಾನದಲ್ಲಿ ಇದು ಎಷ್ಟೋ ವರ್ಷದಿಂದ ನಡೆಯುತ್ತಲೇ ಇದೆ.

ಹಿಂದೆ ಸಂಜೆಯಾಗುತ್ತಿದ್ದ ಹಾಗೆ ಕೇಳಿ, ಅಂದರೆ ಆಟಕ್ಕೆ ಕರೆಯುವ ಚೆಂಡೆ, ಬಡಿಯುತ್ತಿದ್ದರು. ಚೆಂಡೆ ಸದ್ದು ಗದ್ದೆ ದಾಟಿ, ಹೊಳೆ ದಾಟಿ ಹೋಗುತ್ತಿತ್ತು. ಇವತ್ತು ಆಟ ಇದೆ ಅಂತ ನಾಲ್ಕು ಊರಿಗೆ ಗೊತ್ತಾಗುತ್ತಿತ್ತು. ಆಮೇಲೆ ಪೂರ್ವರಂಗ. ಕೋಡಂಗಿ, ಬಾಲಗೋಪಾಲ, ಸ್ತ್ರೀವೇಷ. ಇಷ್ಟೆಲ್ಲ ಆದಮೇಲೆ ಒಡ್ಡೋಲಗ, ಆಮೇಲೆ ಪ್ರಸಂಗ. ಈಗ ಕಾಲಮಿತಿ ಆಟ ಬಂದಿದೆ. ಸಂಜೆ ಶುರು, ರಾತ್ರಿ ಊಟದ ಹೊತ್ತಿಗೆ ಮಂಗಳ. ಮೊದಲು ಕತ್ತರಿ ಬಿದ್ದದ್ದೇ ಪೂರ್ವರಂಗಕ್ಕೆ. ಅದೂ ಒಂದು ಸ್ಕಿಪ್ ಬಟನ್ನೇ.

ಅದರಿಂದ ಏನು ಹೋಯಿತು ಅಂತ ಕೇಳಿದರೆ ಹೇಳುತ್ತೇನೆ. ಕೋಡಂಗಿ, ಬಾಲಗೋಪಾಲ ಮಾಡುತ್ತಿದ್ದವರು ಹೊಸದಾಗಿ ಮೇಳ ಸೇರಿದ ಹುಡುಗರು. ರಂಗಸ್ಥಳದ ಭಯ ಬಿಡೋದು, ತಾಳಕ್ಕೆ ಕಾಲು ಕೂಡಿಸೋದು, ಎಲ್ಲ ಅಲ್ಲೇ ಕಲಿಯುತ್ತಿದ್ದರು. ನೋಡುವವರೂ ಅಷ್ಟೇ. ಮನೆಯ ಚಿಂತೆ, ತೋಟದ ಚಿಂತೆ ಬಿಟ್ಟು ಕೂರೋಕೆ ಒಂದಷ್ಟು ಹೊತ್ತು ಬೇಕು. ಸೀದಾ ಪ್ರಸಂಗಕ್ಕೆ ಹೋದರೆ ಕಣ್ಣು ರಂಗಸ್ಥಳದಲ್ಲಿ ಇರುತ್ತದೆ, ಮನಸ್ಸು ಮನೆಯಲ್ಲೇ ಇರುತ್ತದೆ.

ಹಾಗಾಗಿ ಕುಮಟಾದವರಿಗೆ ನನ್ನ ಮಾತು ಇಷ್ಟೇ. ಆ ಒಂದೂಮುಕ್ಕಾಲು ನಿಮಿಷ ಕಥೆಗೆ ಅಲ್ಲ, ನಮಗೆ ಬೇಕು.

ಮೊದಲ ಬಸ್ಸು, ಕುಮಟಾ

ಯಕ್ಷಗಾನದ ಮಾತು ಒಪ್ಪುತ್ತೇನೆ. ಆದರೆ ಪೂರ್ವರಂಗ ರಾತ್ರಿಗೆ ಒಂದೇ ಸಲ. ನಾನು ಶನಿವಾರ ಒಂದೇ ಕೂತಿಕೆಗೆ ನಾಲ್ಕು ಎಪಿಸೋಡ್ ನೋಡುತ್ತೇನೆ. ಪ್ರತಿ ಗಂಟೆಗೊಮ್ಮೆ ಬಾಲಗೋಪಾಲ ಕುಣಿಸುತ್ತೀರಾ? ಮೊದಲ ಎಪಿಸೋಡಿಗೆ ಟೈಟಲ್ ಇರಲಿ, ಉಳಿದವಕ್ಕೆ ಬೇಡ.

ಮತ್ತೆ ಕೇಳಿ ಬಡಿಯೋದು ಜನರನ್ನು ಕರೆಯೋಕೆ. ನಾನು ಆಗಲೇ ಸೋಫಾದಲ್ಲಿ ಕೂತಾಗಿದೆ. ಯಾರನ್ನು ಕರೆಯೋದು?

ಮೆಟ್ಟುಗತ್ತಿ, ಯಲ್ಲಾಪುರ

ಕರೆಯೋ ವಿಷಯ ಬಂತಲ್ಲ, ಇದನ್ನು ಹೇಳಲೇಬೇಕು.

ನಮ್ಮ ಕಡೆ ಅಡಕೆ ಸುಲಿಯೋ ದಿನಗಳಲ್ಲಿ ಎಲ್ಲರೂ ಮೆಟ್ಟುಗತ್ತಿ ಹಾಕಿಕೊಂಡು ಸಾಲಾಗಿ ಕೂರುತ್ತಿದ್ದರು. ಟಿವಿ ಒಳಗೆ, ಕೆಲಸ ಹೊರಗಿನ ಜಗಲಿಯಲ್ಲಿ. ಕಣ್ಣು ಅಡಕೆ ಮೇಲೆ, ಕಿವಿ ಒಳಗೆ. ಮಾಯಾಮೃಗದ ಟೈಟಲ್ ಹಾಡು ಬಂದರೆ ಸಾಕು, ಇದ್ದವರೆಲ್ಲ ಬುಟ್ಟಿ ಸರಿಸಿ ಎದ್ದು ಹೋಗುತ್ತಿದ್ದರು. ಹಾಡು ಮುಗಿಯೋದರೊಳಗೆ ಕೈ ತೊಳೆದು ಜಾಗ ಹಿಡಿಯಬೇಕು. ಹಾಡು ಉದ್ದ ಇದ್ದದ್ದು ಅದಕ್ಕೇ. ಮನೆಯವರೆಲ್ಲ ಬಂದು ಸೇರೋಕೆ ಅಷ್ಟು ಹೊತ್ತು ಬೇಕಿತ್ತು.

ಆ ಧಾರಾವಾಹಿ ಬಂದದ್ದು 1998ರಲ್ಲಿ. ಟಿ.ಎನ್. ಸೀತಾರಾಮ್, ಪಿ. ಶೇಷಾದ್ರಿ, ನಾಗೇಂದ್ರ ಶಾ ಮೂವರೂ ಸೇರಿ ನಿರ್ದೇಶಿಸಿದ್ದು. ಈಗಲೂ ಆ ಹಾಡು ಎಲ್ಲಾದರೂ ಕೇಳಿದರೆ ನನಗೆ ಹಸಿ ಅಡಕೆ ಸಿಪ್ಪೆಯ ವಾಸನೆ ಬರುತ್ತದೆ.

ಚೆಂಡೆಪೆಟ್ಟು, ಹೊನ್ನಾವರ

ಸರಿಯಾಗಿ ಹೇಳಿದಿರಿ. ಆಗ ಟೈಟಲಿನ ಕೆಲಸ ಕರೆಯೋದಾಗಿತ್ತು. ಈಗ ಕೂತವನ ಮನಸ್ಸು ತಿರುಗಿಸೋದು. ಕೆಲಸ ಬದಲಾಗಿದೆ, ಮುಗಿದಿಲ್ಲ.

ತೋಟದಂಚು, ಶಿರಸಿ

ಇದು ನಂಗೆ ತುಂಬ ಹಿಡಿಸಿತು. ತಮ್ಮನಿಗೆ ಓದಿ ಹೇಳಿದೆ. "ಮೊದಲ ಎಪಿಸೋಡಿಗೆ ಮಾತ್ರ" ಅನ್ನೋ ಕುಮಟಾದವರ ಮಾತೇ ಅವನಿಗೆ ಸರಿ ಕಂಡಿತಂತೆ.

ಅಪ್ಪೆಮಿಡಿ, ಸಿದ್ದಾಪುರ

ಕಾರಣ ಕೇಳಿದಿರಲ್ಲ, ಬರೆಯುತ್ತೇನೆ.

ಸೆವೆರೆನ್ಸ್ 2022ರದ್ದು. ಆಫೀಸಿಗೆ ಹೋದ ಕೂಡಲೇ ಮನೆಯ ನೆನಪು ಹೋಗಬೇಕು, ಮನೆಗೆ ಬಂದರೆ ಆಫೀಸಿನ ನೆನಪು ಹೋಗಬೇಕು, ಹಾಗೆ ಮೆದುಳಿಗೆ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರ ಕಥೆ. ಟೈಟಲಿನಲ್ಲಿ ನಾಯಕ ಮಾರ್ಕ್ ಒಬ್ಬನೇ ಅಲ್ಲ, ಹತ್ತಾರು ಮಾರ್ಕ್‌ಗಳು. ಒಬ್ಬ ಇನ್ನೊಬ್ಬನನ್ನು ಎಳೆದೊಯ್ಯುತ್ತಾನೆ. ಒಬ್ಬನ ತಲೆಯೊಳಗೆ ಇನ್ನೊಬ್ಬ ಓಡಾಡುತ್ತಾನೆ. ಕಪ್ಪು ಅಂಟಿನಂಥದ್ದು ಎಲ್ಲ ಕಡೆ ಹರಿಯುತ್ತದೆ. ಮೈ ರಬ್ಬರಿನ ಹಾಗೆ ಕುಸಿಯುತ್ತದೆ. ಮಾತೇ ಇಲ್ಲ. ಆದರೂ ಕಥೆ ಪೂರಾ ಅಲ್ಲೇ ಇದೆ.

ಮಾಡಿದವರು ಬರ್ಲಿನ್‌ನ ಕಲಾವಿದ ಆಲಿವರ್ ಲಾಟಾ. ಅವರು ಇನ್‌ಸ್ಟಾಗ್ರಾಮಿನಲ್ಲಿ ಹಾಕುತ್ತಿದ್ದ ಚಿಕ್ಕ ಚಿಕ್ಕ ಆ್ಯನಿಮೇಷನ್‌ಗಳನ್ನು ಸೀರೀಸಿನ ನಿರ್ದೇಶಕ ಬೆನ್ ಸ್ಟಿಲ್ಲರ್ ನೋಡಿ ಕರೆದರು. ಆ ವರ್ಷದ ಟೈಟಲ್ ವಿನ್ಯಾಸದ ಎಮ್ಮಿ ಇದಕ್ಕೇ. ಸಂಗೀತ ಥಿಯೋಡರ್ ಶಪಿರೋ. ಆ ಪಿಯಾನೋ ಸ್ವರಗಳು ಕೇಳಿದರೆ ನನಗೆ ಸೋಮವಾರ ಬೆಳಿಗ್ಗೆಯ ಸಂಕಟ ಶುರುವಾಗುತ್ತದೆ.

ಉಪ್ಪಿನಗದ್ದೆ, ಗೋಕರ್ಣ

ಡೆಕ್ಸ್‌ಟರ್ ಯಾರೂ ಹೇಳಲಿಲ್ಲ! 2006. ನನ್ನ ಪ್ರಕಾರ ಇದಕ್ಕಿಂತ ಒಳ್ಳೆ ಟೈಟಲ್ ಇನ್ನೂ ಬಂದಿಲ್ಲ.

ಒಬ್ಬ ಮನುಷ್ಯ ಬೆಳಿಗ್ಗೆ ಎದ್ದು ರೆಡಿಯಾಗುತ್ತಾನೆ. ಅಷ್ಟೇ ಇರೋದು. ಕೈಮೇಲೆ ಕೂತ ಸೊಳ್ಳೆ ಹೊಡೆಯುತ್ತಾನೆ. ಶೇವ್ ಮಾಡುವಾಗ ಕತ್ತಿನಲ್ಲಿ ಒಂದು ಹನಿ ರಕ್ತ. ಹಂದಿಮಾಂಸ ಕತ್ತರಿಸುತ್ತಾನೆ, ಮೊಟ್ಟೆ ಒಡೆಯುತ್ತಾನೆ, ಕೆಂಪು ಕಿತ್ತಳೆ ಹಿಂಡುತ್ತಾನೆ. ಶೂ ಲೇಸ್ ಬಿಗಿ ಎಳೆಯುವಾಗ ಯಾರದೋ ಕತ್ತು ಹಿಸುಕಿದ ಹಾಗೆ. ಟೀ ಶರ್ಟ್ ಹಾಕಿಕೊಳ್ಳುವಾಗ ಬಟ್ಟೆ ಮುಖಕ್ಕೆ ಅಂಟಿ ಉಸಿರು ಕಟ್ಟಿದ ಹಾಗೆ. ನಾವು ದಿನಾ ಮಾಡೋದೇ ಎಲ್ಲ. ಕ್ಯಾಮೆರಾ ಅಷ್ಟು ಹತ್ತಿರ ಹೋದ ಕಾರಣಕ್ಕೆ ಭಯ ಹುಟ್ಟುತ್ತದೆ. ಕೊಲೆಗಾರನ ಕಥೆ ಅಂತ ಒಂದು ಕೊಲೆಯನ್ನೂ ತೋರಿಸದೆ ಹೇಳಿದ್ದಾರೆ.

ಅಮ್ಮ ಒಮ್ಮೆ ಟೈಟಲ್ ಮಾತ್ರ ನೋಡಿದರು. "ಇವ ಸರಿ ಇಲ್ಲ" ಅಂದು ಎದ್ದು ಹೋದರು. ಕಥೆ ಏನು ಅಂತ ನಾನಿನ್ನೂ ಹೇಳಿರಲಿಲ್ಲ.

ಅಪ್ಪೆಮಿಡಿ, ಸಿದ್ದಾಪುರ

ಅಮ್ಮನಿಗೆ ಎಮ್ಮಿ ಕೊಡಬೇಕು.

ಕಾಳಿದಂಡೆ, ಕಾರವಾರ

ಸೊಪ್ರಾನೋಸ್ ಹೆಸರು ಮೊದಲೇ ಬಂತು, ಯಾರೂ ಅದರ ಮಾತಾಡಲಿಲ್ಲ. ನಾಯಕ ಟೋನಿ ಸುರಂಗದಿಂದ ಹೊರಬಂದು, ಟೋಲ್ ಚೀಟಿ ತಗೊಂಡು, ಚುರುಟು ಹಚ್ಚಿ, ನ್ಯೂಜೆರ್ಸಿಯ ಫ್ಯಾಕ್ಟರಿ, ಸಣ್ಣ ಮನೆಗಳನ್ನೆಲ್ಲ ದಾಟಿ ತನ್ನ ದೊಡ್ಡ ಮನೆಗೆ ಬರುತ್ತಾನೆ. ಮೊದಲ ಮೂರು ಸೀಸನ್‌ನಲ್ಲಿ ಕಾರಿನ ಪಕ್ಕದ ಕನ್ನಡಿಯಲ್ಲಿ ನ್ಯೂಯಾರ್ಕಿನ ಅವಳಿ ಗೋಪುರ ಕಾಣುತ್ತದೆ. 2001ರ ದಾಳಿಯಲ್ಲಿ ಅವು ಬಿದ್ದಮೇಲೆ, ನಾಲ್ಕನೇ ಸೀಸನ್‌ನಿಂದ ಆ ಶಾಟ್ ತೆಗೆದರು.

ನನಗೆ ಇದು ಯಾಕೆ ತಟ್ಟುತ್ತದೆ ಅಂದರೆ, ನಮ್ಮ ಕಾಳಿ ಹೊಳೆಯ ಹಳೇ ಸೇತುವೆ. 2024ರ ಆಗಸ್ಟಿನಲ್ಲಿ ನಡುರಾತ್ರಿ ಬಿತ್ತು. ಅದಕ್ಕೂ ಮೊದಲು ಸದಾಶಿವಗಡದ ಕಡೆಯಿಂದ ತೆಗೆದ ಯಾವ ವಿಡಿಯೋ ನೋಡಿದರೂ ಅದು ಹಿಂದೆ ನಿಂತಿರುತ್ತದೆ. ಯಾರೋ ಮದುವೆಗೆ, ಯಾರೋ ರೀಲ್ಸಿಗೆ ತೆಗೆದದ್ದು. ಈಗ ಅವೇ ದಾಖಲೆ.

ಟೈಟಲಿನಲ್ಲಿ ಊರು ತೋರಿಸುವವರು ಇದನ್ನು ನೆನಪಿಡಬೇಕು. ವಾರ ವಾರ ನೋಡುವ ಶಾಟ್ ಅದು. ಊರು ಬದಲಾದರೆ ಟೈಟಲ್ ಏನು ಮಾಡಬೇಕು? ತೆಗೆಯಬೇಕಾ, ಇಡಬೇಕಾ? ಇಡಬೇಕಿತ್ತು ಅಂತ ನನ್ನ ಮನಸ್ಸು ಹೇಳುತ್ತದೆ.

ಮೆಟ್ಟುಗತ್ತಿ, ಯಲ್ಲಾಪುರ

ತೆಗೆದದ್ದೇ ಸರಿ. ಮನೆಯವರನ್ನು ಕಳೆದುಕೊಂಡವರು ಪ್ರತಿ ವಾರ ಅದನ್ನು ನೋಡಬೇಕಾ? ಹಳೇ ಸೀಸನ್‌ನಲ್ಲಿ ಹೇಗೂ ಹಾಗೇ ಉಳಿದಿದೆ. ದಾಖಲೆಗೆ ಅಷ್ಟು ಸಾಕು.

ಕಾಳಿದಂಡೆ, ಕಾರವಾರ

ಆ ಮಾತಿಗೆ ತೂಕ ಇದೆ.

ಹೊಳೆಬಾಗಿಲು, ಅಂಕೋಲಾ

ದಿ ವೈರ್ ಯಾರೂ ನೋಡಿಲ್ವಾ ಇಲ್ಲಿ? 2002ರಿಂದ 2008, ಐದು ಸೀಸನ್. ಹಾಡು ಒಂದೇ, ಹಾಡಿದವರು ಪ್ರತಿ ಸೀಸನ್‌ಗೆ ಬೇರೆ. ಮೊದಲನೇದಕ್ಕೆ ಬ್ಲೈಂಡ್ ಬಾಯ್ಸ್ ಆಫ್ ಅಲಬಾಮಾ. ಎರಡನೇದಕ್ಕೆ ಹಾಡು ಬರೆದ ಟಾಮ್ ವೇಟ್ಸ್ ಅವರೇ. ನಾಲ್ಕನೇ ಸೀಸನ್ ಶಾಲೆ ಮಕ್ಕಳ ಕಥೆ, ಹಾಗಾಗಿ ಅದನ್ನು ಬಾಲ್ಟಿಮೋರಿನ ಹದಿಹರೆಯದವರೇ ಹಾಡಿದರು. ಅದೇ ಪದ, ಅದೇ ಧಾಟಿ. ಆದರೆ ಪ್ರತಿ ಸಲ ಊರಿನ ಇನ್ನೊಂದು ಮುಖ ಕಾಣುತ್ತದೆ. ಒಂದೇ ಪದ್ಯವನ್ನು ಬೇರೆ ಬೇರೆ ಭಾಗವತರ ಬಾಯಲ್ಲಿ ಕೇಳಿ ಬೆಳೆದವರು ನಾವು. ನಮಗೆ ಇದು ಬೇಗ ಅರ್ಥ ಆಗಬೇಕು.

ಚೆಂಡೆಪೆಟ್ಟು, ಹೊನ್ನಾವರ

ಇವತ್ತೇ ಹುಡುಕಿ ಕೇಳುತ್ತೇನೆ.

ಕಡಲಹಕ್ಕಿ, ಮುರ್ಡೇಶ್ವರ

ಎಲ್ಲರೂ ಅಮೆರಿಕಕ್ಕೆ ಹೋಗಿಬಿಟ್ಟಿರಲ್ಲ. 1999ರ ಗೆರೆ ಸ್ವಲ್ಪ ಹಿಂದೆ ಸರಿಸಿ. ಮಾಲ್ಗುಡಿ ಡೇಸ್! 1986. ಆರ್.ಕೆ. ಲಕ್ಷ್ಮಣ್ ಅವರ ಗೆರೆಚಿತ್ರಗಳು, ಎಲ್. ವೈದ್ಯನಾಥನ್ ಅವರ ಸಂಗೀತ. ಅಣ್ಣ ಆರ್.ಕೆ. ನಾರಾಯಣ್ ಬರೆದ ಕಥೆಗೆ ತಮ್ಮನ ಚಿತ್ರ. ಆ ರಾಗ ಗುನುಗಿದರೆ ಇಂಡಿಯಾದ ಯಾವ ಮೂಲೆಯವರೂ ಜೊತೆ ಸೇರುತ್ತಾರೆ. ನಿರ್ದೇಶಕ ಯಾರು? ನಮ್ಮ ಹೊನ್ನಾವರದ ಶಂಕರ್ ನಾಗ್.

ಚೆಂಡೆಪೆಟ್ಟು, ಹೊನ್ನಾವರ

ಇದನ್ನು ನಾನೇ ಹೇಳಬೇಕಿತ್ತು! ನಮ್ಮ ತಾಲ್ಲೂಕಿನ ಹೆಮ್ಮೆ.

ಮೊದಲ ಬಸ್ಸು, ಕುಮಟಾ

ಮಾಲ್ಗುಡಿ ಟೈಟಲ್ ಮಾತ್ರ ನಾನೂ ಸ್ಕಿಪ್ ಮಾಡೋದಿಲ್ಲ. ಇಷ್ಟು ಒಪ್ಪುತ್ತೇನೆ.

ಕಡಲಹಕ್ಕಿ, ಮುರ್ಡೇಶ್ವರ

ಗುಡ್ಡದ ಭೂತ ನೆನಪಿದೆಯಾ ಯಾರಿಗಾದರೂ? ಸದಾನಂದ ಸುವರ್ಣರ ಧಾರಾವಾಹಿ, ಪ್ರಕಾಶ್ ರೈ ಆಗಿನ್ನೂ ಹೊಸಬರು. ಆ "ಡೆನ್ನಾನ" ಶುರುವಾದರೆ ನಾವು ಮಕ್ಕಳೆಲ್ಲ ಕಂಬಳಿಯೊಳಗೆ. ಕಥೆಗಿಂತ ಜಾಸ್ತಿ ಭಯ ಟೈಟಲಿನದ್ದೇ. ಕರಾವಳಿಯ ಧ್ವನಿಯನ್ನು ಟೈಟಲಿಗೆ ಹಾಗೇ ತಂದ ಇನ್ನೊಂದು ಉದಾಹರಣೆ ನನಗೆ ಹೊಳೆಯುತ್ತಿಲ್ಲ.

ಎಡಿಟಿಂಗ್ ರೂಮು, ಶಿರಸಿ

ನಾನು ಮದುವೆ, ಉಪನಯನದ ವಿಡಿಯೋ ಎಡಿಟ್ ಮಾಡುವವನು. ಟೈಟಲ್ ಮಾಡೋದೇ ನನ್ನ ಹೊಟ್ಟೆಪಾಡು. ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ.

ಸ್ಟ್ರೇಂಜರ್ ಥಿಂಗ್ಸ್ ನೋಡಿ, 2016. ಅದರಲ್ಲಿ ಏನಿದೆ? ಕಪ್ಪು ಪರದೆ, ಕೆಂಪು ಅಕ್ಷರ. ಅಷ್ಟೇ. ಮುಖ ಇಲ್ಲ, ಊರು ಇಲ್ಲ, ದೆವ್ವ ಇಲ್ಲ. ಅಕ್ಷರದ ಅಂಚು ಮಾತ್ರ ತೀರಾ ಹತ್ತಿರದಿಂದ ತೇಲಿ ಬರುತ್ತದೆ. ಯಾವ ಅಕ್ಷರ ಅಂತ ಮೊದಲು ಗೊತ್ತೇ ಆಗೋದಿಲ್ಲ. ನಿಧಾನಕ್ಕೆ ದೂರ ಸರಿದು ಒಂದಕ್ಕೊಂದು ಕೂಡಿಕೊಂಡಾಗ ಹೆಸರು ಓದಲು ಸಿಗುತ್ತದೆ. ಹಿಂದೆ ಸಿಂಥಸೈಜರ್ ಎದೆ ಬಡಿದುಕೊಂಡ ಹಾಗೆ ಬಡಿಯುತ್ತದೆ. ಆ ಅಕ್ಷರ ಶೈಲಿಯ ಹೆಸರು ಬೆಂಗ್ವಿಯಾಟ್, ಮಾಡಿದವರು ಎಡ್ ಬೆಂಗ್ವಿಯಾಟ್. ಎಂಬತ್ತರ ದಶಕದ ಅಲ್ಲಿನ ಭಯದ ಕಾದಂಬರಿಗಳ ಮುಖಪುಟ ನೆನಪಾಗಲಿ ಅಂತಲೇ ಅದನ್ನು ಆರಿಸಿದ್ದು. ಕಥೆ ಶುರುವಾಗೋದು 1983ರಲ್ಲಿ. ಅಕ್ಷರ ನೋಡಿದರೆ ಸಾಕು, ಕಾಲ ಗೊತ್ತಾಗುತ್ತದೆ. ಬೆಳಕು ಒಂಚೂರು ನಡುಗುತ್ತದೆ, ಅಂಚು ಒಂಚೂರು ಸೋರುತ್ತದೆ. ಫಿಲ್ಮಿನ ಕಾಲದ ಆ ಅಂದವನ್ನು ಬೇಕೆಂದೇ ತಂದಿದ್ದಾರೆ. ಇಮ್ಯಾಜಿನರಿ ಫೋರ್ಸಸ್ ಸ್ಟುಡಿಯೋದ ಕೆಲಸ. ಅದೇ ಸ್ಟುಡಿಯೋ ಮ್ಯಾಡ್ ಮೆನ್ ಸೀರೀಸಿನ ಟೈಟಲಿನಲ್ಲಿ ಬೀಳುವ ಮನುಷ್ಯನನ್ನೂ ಮಾಡಿದ್ದು.

ಇದನ್ನು ಕನ್ನಡದಲ್ಲಿ ಮಾಡಲು ಕೂತೆ. ಆಗ ಗೊತ್ತಾಯಿತು ಕಷ್ಟ. ಇಂಗ್ಲಿಷ್ ದೊಡ್ಡಕ್ಷರಗಳೆಲ್ಲ ಒಂದೇ ಎತ್ತರ, ಮೇಲೆ ಕೆಳಗೆ ಗೆರೆ ಎಳೆದರೆ ಸರಿ ಕೂರುತ್ತವೆ. ನಮ್ಮಲ್ಲಿ ಒತ್ತು ಕೆಳಗಿಳಿಯುತ್ತದೆ, ಗುಡಿಸು ಮೇಲೇರುತ್ತದೆ, ದೀರ್ಘ ಪಕ್ಕಕ್ಕೆ ಚಾಚುತ್ತದೆ. ಒತ್ತಕ್ಷರವನ್ನು ಬೇರೆಯಾಗಿ ತೇಲಿಸಿದರೆ ಅದು ಯಾವುದಕ್ಕೆ ಸೇರಿದ್ದು ಅಂತ ಕಣ್ಣಿಗೆ ಹೊಳೆಯೋದಿಲ್ಲ. ಆದರೆ ಗುಂಡನೆಯ ತಿರುವು ನಮ್ಮಲ್ಲಿ ಎಷ್ಟಿದೆ! ತಲೆಕಟ್ಟಿನ ಒಂದು ಕೊಕ್ಕೆ ಪರದೆ ತುಂಬ ಬಂದರೆ ಅದೇ ಒಂದು ಚಿತ್ರ. ಇಷ್ಟಿದ್ದೂ ನಮ್ಮ ಧಾರಾವಾಹಿಗಳಲ್ಲಿ ಅಕ್ಷರ ಅಂದರೆ ಬಂಗಾರದ ಬಣ್ಣ ಬಳಿದು, ಮಿಂಚು ಹಾರಿಸಿ, ಮುಗಿಸಿಬಿಡುತ್ತಾರೆ. ಅಕ್ಷರದ ಮೇಲೆ ಯಾರಾದರೂ ಮನಸ್ಸಿಟ್ಟು ಕೂತು ಕೆಲಸ ಮಾಡಬೇಕು. ನಾನು ಮಾಡುತ್ತಿದ್ದೇನೆ.

ತೋಟದಂಚು, ಶಿರಸಿ

ಅದನ್ನು ಇಲ್ಲಿ ಹಾಕಿ, ನೋಡಬೇಕು!

ಎಡಿಟಿಂಗ್ ರೂಮು, ಶಿರಸಿ

ಮುಗಿದಮೇಲೆ ಹಾಕುತ್ತೇನೆ. ಮಳೆಗಾಲದಲ್ಲಿ ಮದುವೆ ಇಲ್ಲ, ಆಗ ಕೈ ಖಾಲಿ ಇರುತ್ತದೆ.

ಉಪ್ಪಿನಗದ್ದೆ, ಗೋಕರ್ಣ

ಭಾರತದ್ದರಲ್ಲಿ ಸೇಕ್ರೆಡ್ ಗೇಮ್ಸ್ ಲೆಕ್ಕಕ್ಕೆ ಬರಲೇಬೇಕು, 2018. ಪ್ರತಿ ಎಪಿಸೋಡಿಗೆ ಪುರಾಣದ ಒಂದು ಹೆಸರು, ಅದಕ್ಕೊಂದು ಬೇರೆ ಲಾಂಛನ. ಮೊದಲನೇದು ಅಶ್ವತ್ಥಾಮ. ಅಲೋಕನಂದಾ ದಾಸ್‌ಗುಪ್ತಾ ಅವರ ಸಂಗೀತ ಕಥೆಗೆ ಮಂತ್ರದಂಥ ಭಾರ ಕೊಟ್ಟಿದೆ.

ಮೊದಲ ಬಸ್ಸು, ಕುಮಟಾ

ಸ್ಕ್ಯಾಮ್ 1992 ಬಿಟ್ಟರೆ ಹೇಗೆ? ಅಚಿಂತ್ ಠಕ್ಕರ್ ಅವರ ಆ ಧುನ್ ಎಷ್ಟು ಜನರ ಫೋನಿನ ರಿಂಗ್‌ಟೋನ್ ಆಯಿತು ಆಗ! ನಮ್ಮ ಬಸ್ಸಿನಲ್ಲೇ ದಿನಾ ಕೇಳುತ್ತಿತ್ತು.

ಹೊಳೆಬಾಗಿಲು, ಅಂಕೋಲಾ

ಅಂದರೆ ಟೈಟಲ್ ಸಂಗೀತ ನಿಮಗೂ ಬೇಕು ಅಂತಾಯ್ತು.

ಮೊದಲ ಬಸ್ಸು, ಕುಮಟಾ

ಸಂಗೀತ ಬೇಡ ಅಂತ ನಾನು ಯಾವಾಗ ಹೇಳಿದೆ? ಉದ್ದ ಬೇಡ ಅಂದೆ.

ಕಡಲಹಕ್ಕಿ, ಮುರ್ಡೇಶ್ವರ

ಜರ್ಮನಿಯ ಡಾರ್ಕ್ ನೋಡಿದವರು ಇದ್ದೀರಾ? 2017. ಎಲ್ಲ ಚಿತ್ರವೂ ಕನ್ನಡಿಯಲ್ಲಿ ಅರ್ಧ ಮಡಚಿದ ಹಾಗೆ. ಕಾಡು, ಮುಖ, ಕೈ, ಎಲ್ಲ ಎರಡೆರಡು. ಒಂದೇ ಊರು, ಬೇರೆ ಬೇರೆ ಕಾಲ ಅನ್ನೋ ಕಥೆಗೆ ಇದಕ್ಕಿಂತ ಸರಿಯಾದ ಟೈಟಲ್ ಸಾಧ್ಯವೇ ಇಲ್ಲ. ಮಳೆಗಾಲದ ರಾತ್ರಿ, ಹೆಡ್‌ಫೋನ್ ಹಾಕಿ ನೋಡಬೇಕು.

ಅಪ್ಪೆಮಿಡಿ, ಸಿದ್ದಾಪುರ

ವೈಟ್ ಲೋಟಸ್ ಮೇಲೆ ನನ್ನ ಸಿಟ್ಟು ಇನ್ನೂ ಇಳಿದಿಲ್ಲ. ಮೊದಲ ಸೀಸನ್‌ನಲ್ಲಿ ಹೋಟೆಲಿನ ಗೋಡೆಕಾಗದದ ಚಿತ್ರ. ಮೊದಲು ಹಣ್ಣು, ಹೂವು, ಹಕ್ಕಿ. ಸ್ವಲ್ಪ ಹೊತ್ತಿಗೆ ಹಣ್ಣು ಕೊಳೆಯುತ್ತದೆ, ಹಾವು ಬರುತ್ತದೆ. ಎರಡನೇದರಲ್ಲಿ ಇಟಲಿಯ ಭಿತ್ತಿಚಿತ್ರ. ಎರಡಕ್ಕೂ ಹಿಂದೆ ಆ ಕೂಗು, ಮನುಷ್ಯನದ್ದೋ ಪ್ರಾಣಿಯದ್ದೋ ಗೊತ್ತಾಗದ್ದು. 2025ರಲ್ಲಿ ಮೂರನೇ ಸೀಸನ್, ಕಥೆ ಥಾಯ್ಲೆಂಡಿನಲ್ಲಿ. ಚಿತ್ರ ಚೆನ್ನಾಗಿದೆ. ಆದರೆ ಆ ಕೂಗೇ ಇಲ್ಲ! ಜನ ವಾರಗಟ್ಟಲೆ ಅದೇ ಮಾತಾಡಿದರು. ನೋಡುವವರಿಗೆ ಟೈಟಲ್ ಬೇಡ ಅನ್ನುವವರು ಇದನ್ನು ನೆನಪಿಟ್ಟುಕೊಳ್ಳಿ. ಬೇಡದ್ದಾದರೆ ಅಷ್ಟು ಜನ ಯಾಕೆ ಸಿಟ್ಟಾಗುತ್ತಿದ್ದರು?

ತೋಟದಂಚು, ಶಿರಸಿ

ಒಂದು ಪ್ರಶ್ನೆ. ನಮ್ಮ ಜಿಲ್ಲೆಯಲ್ಲೇ ನಡೆಯುವ ಒಂದು ಸೀರೀಸ್ ಬಂದರೆ ಟೈಟಲಿನಲ್ಲಿ ಏನಿರಬೇಕು?

ಹೊಳೆಬಾಗಿಲು, ಅಂಕೋಲಾ

ಡ್ರೋನ್ ಶಾಟ್ ಬೇಡ. ಇದು ನನ್ನ ಕೈಮುಗಿದ ವಿನಂತಿ. ಕರಾವಳಿ, ಮಲೆನಾಡು ಅಂದ ಕೂಡಲೇ ಮೇಲಿಂದ ಹಸಿರು ಕಾಡು, ಬಳುಕುವ ಹೊಳೆ, ಜಲಪಾತ. ಎಲ್ಲದರಲ್ಲೂ ಅದೇ. ಅಷ್ಟು ಮೇಲಿಂದ ನೋಡಿದರೆ ಅಂಕೋಲಾ ಯಾವುದು, ಕೇರಳ ಯಾವುದು?

ಉಪ್ಪಿನಗದ್ದೆ, ಗೋಕರ್ಣ

ಡೆಕ್ಸ್‌ಟರ್ ಹಾದಿ ಹಿಡಿಯಬೇಕು. ಕೈ ತೋರಿಸಿ, ಕೆಲಸ ತೋರಿಸಿ. ಸಾಣಿಕಟ್ಟಾದ ಉಪ್ಪಿನ ಗದ್ದೆಯಲ್ಲಿ ಹಲಗೆ ಎಳೆಯುವಾಗ ಉಪ್ಪು ಗರಗರ ಅನ್ನುವ ಸದ್ದು ಇದೆಯಲ್ಲ, ಮೊದಲು ಅದು ಕೇಳಬೇಕು. ಪರದೆ ಪೂರಾ ಬಿಳಿ. ಏನು ಅಂತ ತಿಳಿಯಬಾರದು. ಆಮೇಲೆ ಅಘನಾಶಿನಿಯಲ್ಲಿ ಇಳಿತದ ಹೊತ್ತು. ಸೊಂಟದವರೆಗೆ ನೀರಲ್ಲಿ ನಿಂತ ಹೆಂಗಸರು, ಕಾಲಿನಿಂದ ಕೆಸರು ತಡವಿ ಬಳಚು ಹುಡುಕುತ್ತಾರೆ. ಮುಖ ಬೇಡ, ಕೈ ಮತ್ತು ಚಿಪ್ಪು ಸಾಕು.

ಮೆಟ್ಟುಗತ್ತಿ, ಯಲ್ಲಾಪುರ

ಘಟ್ಟದ ಮೇಲಿನವರನ್ನೂ ಸೇರಿಸಿ. ಮೆಟ್ಟುಗತ್ತಿಗೆ ಅಡಕೆ ಒತ್ತಿದಾಗ ಸಿಪ್ಪೆ ಸೀಳುವ ಸದ್ದು. ಅಡಕೆ ಕೊನೆ ಕೊಯ್ಯುವವನು ಒಂದು ಮರದ ತುದಿಯಿಂದ ಇನ್ನೊಂದಕ್ಕೆ ಬಾಗಿ ದಾಟುವುದು. ಅದನ್ನು ಕೆಳಗಿಂದ ತೆಗೆಯಬೇಕು.

ಕಾಳಿದಂಡೆ, ಕಾರವಾರ

ಕಾರವಾರ ಎಲ್ಲಿ? ಬೈತಖೋಲ್ ಬಂದರಿನಲ್ಲಿ ಬೆಳಗಿನ ಜಾವ ಬಲೆ ಬಿಡಿಸುವ ಬೆರಳು ಇರಲಿ. ಮಾತು ಕೊಂಕಣಿಯಲ್ಲಿ ಕೇಳಬೇಕು. ಅಷ್ಟಿಲ್ಲದಿದ್ದರೆ ಅದು ಕಾರವಾರ ಆಗೋದಿಲ್ಲ.

ಚೆಂಡೆಪೆಟ್ಟು, ಹೊನ್ನಾವರ

ನನ್ನದು ಶರಾವತಿಯ ಮೇಲಿನ ರೈಲು ಸೇತುವೆ. ಕೊಂಕಣ ರೈಲ್ವೆಯಲ್ಲೇ ಅತಿ ಉದ್ದದ್ದು, 2 ಕಿಲೋಮೀಟರಿಗೂ ಜಾಸ್ತಿ. ರೈಲು ದಾಟಿ ಮುಗಿಯೋದರೊಳಗೆ ಹೆಸರುಗಳೂ ಮುಗಿಯಬೇಕು. ಸಂಗೀತ ಬೇರೆ ಬೇಡ, ಗಾಲಿಯ ತಾಳವೇ ಸಾಕು. ಕೊನೆಗೆ ಬೇಕಿದ್ದರೆ ಚೆಂಡೆಯ ಒಂದು ಮುಕ್ತಾಯ.

ಎಡಿಟಿಂಗ್ ರೂಮು, ಶಿರಸಿ

ಎಲ್ಲ ಒಂದೇ ಟೈಟಲಿಗೆ ತುಂಬಬೇಡಿ. ಐದು ಊರಿನ ಐದು ಕೆಲಸ ಹಾಕಿದರೆ ಪ್ರವಾಸೋದ್ಯಮದ ಜಾಹೀರಾತು ಆಗುತ್ತದೆ. ಡೆಕ್ಸ್‌ಟರ್ ಗಟ್ಟಿ ನಿಂತದ್ದು ಒಬ್ಬನೇ ಮನುಷ್ಯ, ಒಂದೇ ಬೆಳಿಗ್ಗೆ ಅನ್ನೋ ಕಾರಣಕ್ಕೆ. ನನಗೆ ಕೇಳಿದರೆ ಉಪ್ಪು ಒಂದೇ ಸಾಕು. ನೀರು ಬರೋದು, ನಿಲ್ಲೋದು, ಆರೋದು, ಹರಳು ಕಟ್ಟೋದು. ಗದ್ದೆಯ ಬದುಗಳು ಚೌಕ ಚೌಕ ಇವೆ. ಒಂದೊಂದು ಚೌಕದಲ್ಲಿ ಒಂದೊಂದು ಹೆಸರು ತಾನಾಗಿ ಕೂರುತ್ತದೆ.

ಉಪ್ಪಿನಗದ್ದೆ, ಗೋಕರ್ಣ

ಬನ್ನಿ, ಫೆಬ್ರವರಿಯಲ್ಲಿ ಶೂಟ್ ಮಾಡೋಣ. ಬಿಸಿಲಿಗೆ ಹರಳು ಚೆನ್ನಾಗಿ ಕಟ್ಟಿರುತ್ತದೆ. ನಮ್ಮನೆಯಲ್ಲಿ ಉಳಿಯಬಹುದು.

ಕಾಳಿದಂಡೆ, ಕಾರವಾರ

ಕಥೆ ಇಲ್ಲದೆ ಟೈಟಲ್ ಮಾಡುತ್ತೀರಾ?

ಎಡಿಟಿಂಗ್ ರೂಮು, ಶಿರಸಿ

ಯಾಕಾಗಬಾರದು? ಟೈಟಲ್ ನೋಡಿ ಯಾರಿಗಾದರೂ ಕಥೆ ಹೊಳೆಯಲಿ.

ಮೊದಲ ಬಸ್ಸು, ಕುಮಟಾ

ಎಷ್ಟು ಸೆಕೆಂಡಿನದ್ದು?

ಎಡಿಟಿಂಗ್ ರೂಮು, ಶಿರಸಿ

ತೊಂಬತ್ತು.

ಮೊದಲ ಬಸ್ಸು, ಕುಮಟಾ

ನಲವತ್ತು ಮಾಡಿ, ಕ್ಯಾಮೆರಾ ಸ್ಟ್ಯಾಂಡ್ ಹೊರೋಕೆ ನಾನೂ ಬರುತ್ತೇನೆ.

ಹೊಳೆಬಾಗಿಲು, ಅಂಕೋಲಾ

ಬೆಟರ್ ಕಾಲ್ ಸೌಲ್ ಬಗ್ಗೆ ಒಂದು ಮಾತು ಬಿಟ್ಟುಹೋಗಿತ್ತು. ಹಳೇ ವಿಡಿಯೋ ಕ್ಯಾಸೆಟ್ಟಿನ ಹಾಗೆ ಮಸುಕು ಚಿತ್ರ, ಸಂಗೀತ ಅರ್ಧಕ್ಕೇ ಕಟ್ಟಾಗುತ್ತದೆ. ಸೀಸನ್ ಕಳೆದ ಹಾಗೆ ಚಿತ್ರ ಇನ್ನೂ ಕೆಡುತ್ತಾ ಹೋಗುತ್ತದೆ. ಕೊನೆಯ ಸೀಸನ್ನಿನ ಹತ್ತನೇ ಎಪಿಸೋಡಿನಲ್ಲಿ ಟೇಪ್ ನಡುವೆಯೇ ನಿಂತು ಪರದೆ ನೀಲಿಯಾಗುತ್ತದೆ. ಅಲ್ಲಿಯವರೆಗೆ ಸ್ಕಿಪ್ ಮಾಡುತ್ತಾ ಬಂದವರಿಗೆ ಆ ನೀಲಿಯ ಅರ್ಥವೇ ಆಗೋದಿಲ್ಲ. ಕುಮಟಾದವರೇ, ಇದಕ್ಕೆ ಏನಂತೀರಿ?

ಮೊದಲ ಬಸ್ಸು, ಕುಮಟಾ

ಅದೂ ಇಪ್ಪತ್ತೇ ಸೆಕೆಂಡ್ ಒಳಗಿನದ್ದು. ನನ್ನ ವಾದಕ್ಕೇ ಬಲ.

ಚೆಂಡೆಪೆಟ್ಟು, ಹೊನ್ನಾವರ

ದಿ ವೈರ್‌ನ ಐದೂ ಕೇಳಿದೆ. ಮೊದಲನೇದರಲ್ಲಿ ದನಿಗಳು ಒಂದರ ಮೇಲೊಂದು ಏರುವ ರೀತಿ ಬಹಳ ಚೆಂದ. ನಾಲ್ಕನೇದರ ಹುಡುಗರ ದನಿಯಲ್ಲಿ ಅಷ್ಟು ಹದ ಇಲ್ಲ, ಆದರೆ ಬೇರೆ ಯಾರಲ್ಲೂ ಇಲ್ಲದ ಧೈರ್ಯ ಇದೆ. ನನ್ನ ಓಟು ಆ ಹುಡುಗರಿಗೆ.

ಹೊಳೆಬಾಗಿಲು, ಅಂಕೋಲಾ

ಟಾಮ್ ವೇಟ್ಸ್ ಬಿಟ್ಟು ಅವರಿಗಾ? ಇದಕ್ಕೆ ಬೇರೆಯೇ ಚರ್ಚೆ ಶುರು ಮಾಡಬೇಕು. ನಾನು ತೆರೆಯುತ್ತೇನೆ, ಅಲ್ಲಿಗೆ ಬನ್ನಿ.